ಬಾಯಿ ಬಿಟ್ಟು ಕೇಳಿ: ಈ ಸಲ ಮುಂದಿನ ಹಲ್ಲುಗಳ ಸರದಿ

ಸಂಕ್ರಾಂತಿ ಕಳೆದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಂದಿನ ಹಲ್ಲಿನದೇ ಕಾರುಬಾರು. ಕಾರಣ ಎಲ್ಲರಿಗೂ ಗೊತ್ತಿರುವುದೇ. ಮಂಡ್ಯ ಕಡೆ ಎಳ್ಳುಬೆಲ್ಲದ ಜೊತೆ ಮನೆಮನೆಗೂ ಕಬ್ಬಿನ ತುಂಡು ಬರುತ್ತದೆ, ಕಬ್ಬು ಕಂಡರೆ ಅರವತ್ತರ ಅಜ್ಜನೂ ಹತ್ತರ ಹುಡುಗನಾಗುತ್ತಾನೆ. ಹಲ್ಲು ಮಾತ್ರ ಅರವತ್ತರದ್ದೇ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರ ಬರೆದಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ. ಹೆಸರು ಹಾಕಿದರೆ ನಾಳೆ ಬೀದಿಯಲ್ಲಿ ಎಲ್ಲರೂ ನಿಮ್ಮ ಮುಖ ಬಿಟ್ಟು ಬಾಯಿ ನೋಡುತ್ತಾರೆ.

ಪ್ರಶ್ನೆ: ನನ್ನ ಮಗಳಿಗೆ ಏಳೂವರೆ ವರ್ಷ. ಹಾಲುಹಲ್ಲು ಬಿದ್ದು ಮೇಲೆ ಎರಡು ಹೊಸ ಹಲ್ಲು ಬಂದಿವೆ. ತುದಿ ಗರಗಸದ ಹಾಗಿದೆ. ಬಣ್ಣ ಹಳದಿ. ನಡುವೆ ಸಂದು ಬೇರೆ. ನಮ್ಮ ಅತ್ತೆ, "ಇದು ಉಬ್ಬುಹಲ್ಲಾಗುತ್ತೆ, ಈಗಲೇ ತಂತಿ ಹಾಕಿಸಿ" ಅಂತಾರೆ. ತುದಿಯನ್ನಾದರೂ ಉಜ್ಜಿಸಿ ನೇರ ಮಾಡಿಸಬಹುದಾ?
– ಒಬ್ಬ ತಾಯಿ, ಶ್ರೀರಂಗಪಟ್ಟಣ

ಉತ್ತರ: ಉಜ್ಜಿಸಬೇಡಿ ತಾಯಿ. ಆ ಗರಗಸ ತಾನಾಗಿ ಸವೆದು ಹೋಗುತ್ತದೆ, ದುಡ್ಡು ಕೊಡಬೇಕಾಗಿಲ್ಲ.

ಬಾಚಿಹಲ್ಲು, ಅಂದರೆ ಈ ಮುಂದಿನ ಹಲ್ಲು, ಒಂದೇ ಎರಕದಲ್ಲಿ ಆಗುವುದಿಲ್ಲ. ಮೂಳೆಯ ಒಳಗೆ ಅದು ನಾಲ್ಕು ಮೊಗ್ಗುಗಳಾಗಿ ಶುರುವಾಗುತ್ತದೆ. ಮುಂಭಾಗಕ್ಕೆ ಮೂರು, ಹಿಂಭಾಗದ ಬುಡಕ್ಕೆ ಒಂದು. ನಾಲ್ಕೂ ಕೂಡಿಕೊಂಡು ಒಂದು ಹಲ್ಲಾಗುತ್ತದೆ. ಮುಂದಿನ ಮೂರು ಮೊಗ್ಗುಗಳ ತುದಿಗಳೇ ನೀವು ನೋಡುತ್ತಿರುವ ಮೂರು ಗುಬುಟು. ಡಾಕ್ಟರುಗಳು ಇದಕ್ಕೆ ಮ್ಯಾಮೆಲಾನ್ ಅನ್ನುತ್ತಾರೆ. ಈ ಕೆಲಸ ಯಾವಾಗ ಶುರುವಾಯಿತು ಗೊತ್ತಾ? ನಿಮ್ಮ ಮಗಳು ಮೂರು ನಾಲ್ಕು ತಿಂಗಳ ಕೂಸಾಗಿದ್ದಾಗ. ನಾಲ್ಕೈದು ವರ್ಷಕ್ಕೆ ಹಲ್ಲಿನ ತಲೆ ಪೂರ್ತಿ ತಯಾರಾಗಿ ಒಳಗೇ ಕಾಯುತ್ತಾ ಕೂತಿತ್ತು. ಈಗ ಹೊರಗೆ ಬಂದಿದೆ, ಇನ್ನೂ ಯಾವ ರೊಟ್ಟಿಯನ್ನೂ ಕಚ್ಚಿಲ್ಲ, ಹೊಸ ಗರಗಸದ ಹಾಗಿದೆ. ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿ ತಾಗಿ ಕೆಲವು ವರ್ಷದಲ್ಲಿ ನೇರವಾಗುತ್ತದೆ. ಹದಿನೈದು ಹದಿನಾರಾದರೂ ಗುಬುಟು ಹಾಗೇ ಉಳಿದಿದ್ದರೆ ಆಗ ಡಾಕ್ಟರಿಗೆ ತೋರಿಸಿ. ಮೇಲಿನ ಹಲ್ಲು ಕೆಳಗಿನದಕ್ಕೆ ತಾಗುತ್ತಲೇ ಇಲ್ಲ ಅನ್ನುವುದಕ್ಕೆ ಅದು ಗುರುತು. ಬೆರಳು ಚೀಪುವ ಮಕ್ಕಳಲ್ಲಿ, ನುಂಗುವಾಗ ನಾಲಿಗೆಯನ್ನು ಹಲ್ಲಿನ ನಡುವೆ ತೂರಿಸುವ ಮಕ್ಕಳಲ್ಲಿ ಹೀಗಾಗುವುದುಂಟು.

ಬಣ್ಣದ ವಿಷಯ. ಹೊಸ ಹಲ್ಲು ಹಳದಿಯಲ್ಲ, ಪಕ್ಕದ ಹಾಲುಹಲ್ಲು ಜಾಸ್ತಿ ಬಿಳಿ. ಹೆಸರೇ ಹೇಳುತ್ತದಲ್ವಾ, ಹಾಲುಹಲ್ಲು. ಶಾಶ್ವತ ಹಲ್ಲಿನಲ್ಲಿ ಒಳಗಿನ ಡೆಂಟಿನ್ ಪದರ ದಪ್ಪ, ಅದರ ಬಣ್ಣವೇ ನಸುಹಳದಿ. ಮೇಲಿನ ಎನಾಮಲ್ ಗಾಜಿನಂತೆ ಸ್ವಲ್ಪ ಪಾರದರ್ಶಕ, ಹಾಗಾಗಿ ಒಳಗಿನ ಹಳದಿ ಹೊರಗೆ ಕಾಣುತ್ತದೆ. ಇದನ್ನು ಉಪ್ಪು, ಇದ್ದಿಲು, ನಿಂಬೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ತಿಕ್ಕಿ ತಿಕ್ಕಿ ಎನಾಮಲ್ ತೆಳುವಾದಷ್ಟೂ ಹಲ್ಲು ಇನ್ನಷ್ಟು ಹಳದಿ ಕಾಣುತ್ತದೆ, ಇದೊಂದು ತಮಾಷೆ. ಹೋದ ಎನಾಮಲ್ ವಾಪಸ್ ಬರುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಮುಗಿದು ಹೋಗಿರುತ್ತವೆ.

ಇನ್ನು ಸಂದು. ಒಂದು ಮಾತು ನೆನಪಿಡಿ, ಮುಖ ಬೆಳೆಯುತ್ತದೆ, ಹಲ್ಲು ಬೆಳೆಯುವುದಿಲ್ಲ. ಏಳು ವರ್ಷದ ಹುಡುಗಿಯ ಬಾಯಲ್ಲಿ ಮೂವತ್ತು ವರ್ಷದ ಹೆಂಗಸಿನ ಹಲ್ಲು ಬಂದು ಕೂತಿದೆ. ಬಿದ್ದ ಹಾಲುಹಲ್ಲು ಸುಮಾರು 6.5 ಮಿಲಿಮೀಟರ್ ಅಗಲವಿತ್ತು, ಬಂದದ್ದು 8.5. ದೊಡ್ಡದಾಗಿ ಕಾಣದೆ ಇನ್ನೇನು? ಜೊತೆಗೆ ಮೇಲೆ ಮೂಳೆಯೊಳಗೆ ಕೋರೆಹಲ್ಲುಗಳು ಇಳಿಯುತ್ತಿವೆ. ಅವು ಪಕ್ಕದ ಬಾಚಿಹಲ್ಲಿನ ಬೇರನ್ನು ಒತ್ತುತ್ತವೆ, ಬೇರುಗಳು ಮಧ್ಯಕ್ಕೆ ಬರುತ್ತವೆ, ತಲೆಗಳು ಬೀಸಣಿಗೆಯ ಹಾಗೆ ಆಚೀಚೆ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಅಗ್ಲಿ ಡಕ್ಲಿಂಗ್ ಘಟ್ಟ, ಅಂದರೆ ಕುರೂಪಿ ಬಾತುಮರಿಯ ಘಟ್ಟ ಅಂತ ಹೆಸರಿಟ್ಟಿದ್ದಾರೆ, ಮಕ್ಕಳ ಮುಂದೆ ಹೇಳುವ ಹೆಸರಲ್ಲ. ಹನ್ನೊಂದು ಹನ್ನೆರಡಕ್ಕೆ ಕೋರೆಹಲ್ಲು ಕೆಳಗಿಳಿದಾಗ ಸಂದು ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಎರಡು ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಮಾತ್ರ ಒಂದು ಎಕ್ಸ್‌ರೇ ತೆಗೆಸಿ. ಕೆಲವರಿಗೆ ಎರಡು ಹಲ್ಲಿನ ನಡುವೆ ಮೂಳೆಯಲ್ಲಿ ಒಂದು ಹೆಚ್ಚುವರಿ ಹಲ್ಲು ಅಡಗಿ ಕೂತಿರುತ್ತದೆ. ಕೆಲವರಿಗೆ ಮೇಲ್ದುಟಿಯಿಂದ ಒಸಡಿಗೆ ಬರುವ ಮಾಂಸದ ಪಟ್ಟಿ ದಪ್ಪಗಿದ್ದು ಹಲ್ಲುಗಳ ನಡುವೆ ಇಳಿದಿರುತ್ತದೆ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ತಂತಿಗೆ ಇನ್ನೂ ಟೈಮಿದೆ.

ಪ್ರಶ್ನೆ: ಎಂಟನೇ ಕ್ಲಾಸಿನಲ್ಲಿ ಹಲ್ಲಿನ ಪಾಠ ಮಾಡುವಾಗ ಹುಡುಗನೊಬ್ಬ ಕೇಳಿದ: "ಸಾರ್, ಬಾಚಿಹಲ್ಲು ಅಂದ್ರೆ ತಲೆ ಬಾಚೋದಾ?" ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ನನಗೇ ಗೊತ್ತಿಲ್ಲ ಅಂತ ಗೊತ್ತಾಯಿತು.
– ವಿಜ್ಞಾನದ ಮೇಷ್ಟ್ರು, ಕೆ.ಆರ್. ಪೇಟೆ

ಉತ್ತರ: ಮೇಷ್ಟ್ರೇ, ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ನಿಮ್ಮ ಹುಡುಗನ ಪ್ರಶ್ನೆ. ನಾಳೆ ಅವನನ್ನು ಊರಿನ ಬಡಗಿಯ ಹತ್ತಿರ ಕಳಿಸಿ. ನೇಗಿಲು, ನೊಗ ಕೆತ್ತುವ ಬಡಗಿ ಇನ್ನೂ ಇದ್ದರೆ ಅವರ ಹತ್ತಿರ ಬಾಚಿ ಇರುತ್ತದೆ. ಮರವನ್ನು ಚೆಕ್ಕೆ ಚೆಕ್ಕೆಯಾಗಿ ಕೆತ್ತುವ ಉಪಕರಣ. ಕೊಡಲಿಯ ಅಲಗು ಹಿಡಿಯ ನೇರಕ್ಕಿರುತ್ತದೆ, ಬಾಚಿಯದು ಗುದ್ದಲಿಯ ಹಾಗೆ ಅಡ್ಡ. ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ತೆಳು, ಅಲಗು ಅಗಲ, ಒಳಮೈ ಸ್ವಲ್ಪ ತಗ್ಗು. ಅದನ್ನು ಕೈಯಲ್ಲಿ ಹಿಡಿದು ನಿಮ್ಮ ಮೇಲಿನ ಮುಂದಿನ ಹಲ್ಲಿನ ಹಿಂಭಾಗವನ್ನು ನಾಲಿಗೆಯಲ್ಲಿ ಸವರಿ ನೋಡಿ. ಅದೇ ಆಕಾರ. ಹೆಸರಿಟ್ಟವರು ಡಾಕ್ಟರಲ್ಲ, ಮರ ಕೆತ್ತಿದವರೋ ಕೆತ್ತುವುದನ್ನು ನೋಡಿದವರೋ ಇರಬೇಕು.

ಈ ನಾಲಿಗೆ ಪಾಠವನ್ನೇ ಕ್ಲಾಸಿನಲ್ಲಿ ಮಾಡಿಸಿ, ಖರ್ಚಿಲ್ಲ. ಮಕ್ಕಳು ನಾಲಿಗೆಯ ತುದಿಯನ್ನು ಮೇಲಿನ ಮಧ್ಯದ ಹಲ್ಲಿನ ಹಿಂದೆ ಒಸಡಿನ ಹತ್ತಿರ ಇಡಲಿ. ಅಲ್ಲೊಂದು ಸಣ್ಣ ದಿಬ್ಬ ಸಿಗುತ್ತದೆ. ಮೊದಲ ಪ್ರಶ್ನೆಗೆ ಹೇಳಿದೆನಲ್ಲ, ನಾಲ್ಕನೇ ಮೊಗ್ಗು, ಅದೇ ಈ ದಿಬ್ಬ. ಅಲ್ಲಿಂದ ಕೆಳಗೆ ಜಾರಿದರೆ ಒಂದು ತಗ್ಗು, ಎರಡು ಪಕ್ಕದಲ್ಲೂ ಸಣ್ಣ ಬದು, ಗದ್ದೆಯ ಬದುವಿನ ಹಾಗೆ. ತಗ್ಗು ದಾಟಿದರೆ ಅಲಗು. ಈಗ ಮುಂಭಾಗಕ್ಕೆ ಬನ್ನಿ, ಅಲ್ಲಿ ನುಣುಪು, ಸ್ವಲ್ಪ ಉಬ್ಬು. ಕನ್ನಡಿಯಲ್ಲಿ ಅಲಗಿನ ಎರಡು ಮೂಲೆ ನೋಡಿ. ಮಧ್ಯದ ಗೆರೆಯ ಕಡೆಯ ಮೂಲೆ ಚೂಪು, ಹೆಚ್ಚುಕಮ್ಮಿ ಲಂಬಕೋನ. ಕೆನ್ನೆಯ ಕಡೆಯ ಮೂಲೆ ದುಂಡು. ಕಳಚಿಬಿದ್ದ ಒಂದು ಬಾಚಿಹಲ್ಲು ಕೈಗೆ ಕೊಟ್ಟರೆ ಅದು ಬಲದ್ದೋ ಎಡದ್ದೋ ಅಂತ ನಾವು ಹೇಳುವುದು ಹೀಗೆ ಮೂಲೆ ನೋಡಿಯೇ.

ಬಾಚಿಹಲ್ಲು ಒಟ್ಟು ಎಂಟು, ಮೇಲೆ ನಾಲ್ಕು, ಕೆಳಗೆ ನಾಲ್ಕು. ಮೇಲೆ ಮಧ್ಯದವು ಎರಡು ದೊಡ್ಡಣ್ಣಂದಿರು, ಸುಮಾರು 8.5 ಮಿಲಿಮೀಟರ್ ಅಗಲ, 10.5 ಮಿಲಿಮೀಟರ್ ಉದ್ದ. ಇದು ಕಾಣುವ ಭಾಗ ಮಾತ್ರ, ಒಳಗೆ ಇನ್ನೂ 13 ಮಿಲಿಮೀಟರ್ ಬೇರು ಇದೆ. ಪಕ್ಕದವು ಚಿಕ್ಕವು, 6.5 ಅಗಲ. ಕೆಳಗೆ ಬಂದರೆ ಲೆಕ್ಕ ಉಲ್ಟಾ. ಮಧ್ಯದವು ಸುಮಾರು 5 ಮಿಲಿಮೀಟರ್, ಶಾಶ್ವತ ಹಲ್ಲುಗಳಲ್ಲೆಲ್ಲ ಚಿಕ್ಕದು ಇದೇ, ಪಕ್ಕದವು ಅದಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡವು. ಕಚ್ಚುವಾಗ ಕೆಳಗಿನ ಸಣ್ಣ ಅಲಗು ಮೇಲಿನ ಬಾಚಿಯ ತಗ್ಗಿನೊಳಗೆ ಹೋಗಿ ಕೂರುತ್ತದೆ. ಕತ್ತರಿಯ ಎರಡು ಬಾಯಿ ಒಂದರ ಮೇಲೊಂದು ಬರುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ ಅಲ್ವಾ, ಹಾಗೆ. ಸೀಬೆಹಣ್ಣು ಕಚ್ಚಿದಾಗ ತುಂಡು ಕಚಕ್ ಅಂತ ಕತ್ತರಿಸಿ ಬರುವುದು ಈ ಜಾರುವಿಕೆಯಿಂದಲೇ.

ನಿಮ್ಮ ಹುಡುಗ ಇಷ್ಟಕ್ಕೆ ಬಿಡುವ ಪೈಕಿ ಅಲ್ಲ ಅನ್ನಿಸುತ್ತದೆ. "ಹಾಗಾದ್ರೆ ಇಲಿಗೆ?" ಅಂತಾನೆ. ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಮುಂಭಾಗಕ್ಕೆ ಮಾತ್ರ ಎನಾಮಲ್, ಹಿಂಭಾಗ ಮೆತ್ತಗೆ. ಕಚ್ಚಿದಂತೆ ಮೆತ್ತಗಿನ ಕಡೆ ಬೇಗ ಸವೆಯುತ್ತದೆ, ಗಟ್ಟಿ ಕಡೆ ಅಲಗಾಗಿ ಉಳಿಯುತ್ತದೆ. ಅಂದರೆ ಕಡಿದಷ್ಟೂ ಹರಿತ. ನಮಗೆ ಸುತ್ತಲೂ ಎನಾಮಲ್ ಇದೆ, ಬೆಳವಣಿಗೆ ನಿಂತಿದೆ, ಕಡಿದಷ್ಟೂ ಮೊಂಡು.

ಇನ್ನೊಂದು ವಿಷಯ. ನಾನು ಓದುತ್ತಿದ್ದಾಗ ಮಣಿಪುರದ ಸಹಪಾಠಿಯೊಬ್ಬನ ಮೇಲಿನ ಹಲ್ಲುಗಳ ಅಚ್ಚು ತೆಗೆದಿದ್ದೆವು. ಸುಣ್ಣದಂಥ ಬಿಳಿ ಅಚ್ಚನ್ನು ತಿರುಗಿಸಿ ನೋಡಿದರೆ ಹಿಂಭಾಗದ ಆ ಎರಡು ಬದುಗಳು ಎಷ್ಟು ಎತ್ತರವಿದ್ದವು ಅಂದರೆ ನಡುವೆ ಒಂದು ಹನಿ ನೀರು ನಿಲ್ಲುತ್ತಿತ್ತು. ನನ್ನ ಅಚ್ಚು ಅದರ ಮುಂದೆ ಬೋಳು ಬಯಲು. ಇದಕ್ಕೆ ಸಲಿಕೆ ಆಕಾರದ ಹಲ್ಲು ಅಂತ ಹೆಸರು. ಚೀನಾ, ಜಪಾನ್ ಕಡೆಯ ಪೂರ್ವ ಏಷ್ಯಾದವರಲ್ಲಿ ಮತ್ತು ಅಮೆರಿಕದ ಮೂಲನಿವಾಸಿಗಳಲ್ಲಿ ಇದು ತುಂಬಾ ಜಾಸ್ತಿ. ಇಡಿಎಆರ್ ಅನ್ನುವ ಜೀನಿನ ಒಂದು ರೂಪಕ್ಕೂ ಇದಕ್ಕೂ ನಂಟಿದೆ, ಅದೇ ಜೀನ್ ಕೂದಲಿನ ದಪ್ಪಕ್ಕೂ ಕಾರಣ. ಒಳ್ಳೆಯದು ಕೆಟ್ಟದ್ದು ಅಂತೇನಿಲ್ಲ. ಸಲಿಕೆಯೂ ಕಚ್ಚುತ್ತದೆ, ಬಾಚಿಯೂ ಕಚ್ಚುತ್ತದೆ.

ಪ್ರಶ್ನೆ: ಡಾಕ್ಟರ್ ಚೀಟಿಯಲ್ಲಿ 11 ಮತ್ತು 21 ಅಂತ ಬರೆದಿದ್ದಾರೆ. ನೋವಿರುವುದು ಮುಂದಿನ ಎರಡು ಹಲ್ಲಿಗೆ. 21ನೇ ಹಲ್ಲು ಹಿಂದೆ ಎಲ್ಲೋ ಇರಬೇಕಲ್ಲ? ತಪ್ಪು ಹಲ್ಲು ಕಿತ್ತುಬಿಟ್ಟರೆ?
– ಕುವೆಂಪುನಗರ, ಮೈಸೂರು

ಉತ್ತರ: ತಪ್ಪಿಲ್ಲ, ಹೆದರಬೇಡಿ. ಅದು ಹನ್ನೊಂದು ಅಲ್ಲ, ಒಂದು-ಒಂದು. ಇಪ್ಪತ್ತೊಂದು ಅಲ್ಲ, ಎರಡು-ಒಂದು. ಬಾಯನ್ನು ನಾಲ್ಕು ಭಾಗ ಮಾಡಿ ಮೊದಲ ಅಂಕಿ ಭಾಗಕ್ಕೆ, ಎರಡನೇ ಅಂಕಿ ಮಧ್ಯದಿಂದ ಎಷ್ಟನೇ ಹಲ್ಲು ಅನ್ನುವುದಕ್ಕೆ. ನಿಮ್ಮ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಬಲ ಎಡ ನಿಮ್ಮದು, ಎದುರು ನಿಂತ ಡಾಕ್ಟರದ್ದಲ್ಲ. ಪಿನ್‌ಕೋಡ್ ಇದ್ದ ಹಾಗೆ. ಕೋರೆಹಲ್ಲು 13, 23, 33, 43. ಅಂದ ಹಾಗೆ ಚೀಟಿ ಓದಿದ್ದಕ್ಕೆ ಭೇಷ್, ಓದುವ ಹಾಗೆ ಬರೆದ ಡಾಕ್ಟರಿಗೂ ಭೇಷ್.

ಪ್ರಶ್ನೆ: ಮೂವತ್ತು ವರ್ಷದಿಂದ ಟೈಲರಿಂಗ್. ಮೇಲಿನ ಒಂದು ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿದೆ. ಹುಳುಕು ಇಲ್ಲ, ನೋವೂ ಇಲ್ಲ. ತುಂಬಿಸಬೇಕಾ?
– ಮದ್ದೂರು

ಉತ್ತರ: ನೂಲನ್ನು ಹಲ್ಲಲ್ಲಿ ಕಡಿಯುತ್ತೀರಿ, ಇಲ್ಲ ಅನ್ನಬೇಡಿ. ಗುಂಡುಸೂಜಿಯನ್ನೂ ಅಲ್ಲೇ ಕಚ್ಚಿ ಹಿಡಿಯುತ್ತೀರಿ. ನಿಮ್ಮದೇ ಕಸುಬಿನವರೊಬ್ಬರು ಒಮ್ಮೆ ನನ್ನ ಕುರ್ಚಿಯಲ್ಲಿ ಕೂತಿದ್ದರು. ಮೇಲಿನ ಎಡ ಬಾಚಿಹಲ್ಲಿನ ಅಲಗಿನಲ್ಲಿ ಅರ್ಧಚಂದ್ರದಂಥ ಕಚ್ಚು, ಒಳಗೆಲ್ಲ ಪಾಲಿಶ್ ಮಾಡಿದ ಹಾಗೆ ನುಣುಪು. ಅವರ ಜೇಬಿನಲ್ಲಿದ್ದ ನೂಲನ್ನೇ ಎಳೆದು ಅಲ್ಲಿಟ್ಟೆ. ಬಾವಿಯ ರಾಟೆಯಲ್ಲಿ ಹಗ್ಗ ಕೂತ ಹಾಗೆ ಕೂತಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ, "ಎಷ್ಟು ಜಾಕೀಟು ಆಯ್ತು ಸ್ವಾಮಿ ಇದರಲ್ಲಿ" ಅಂತ ನಕ್ಕರು.

ಎನಾಮಲ್ ತೂಕದಲ್ಲಿ ಶೇಕಡ 96ರಷ್ಟು ಖನಿಜ, ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಬೇರೆ ಇಲ್ಲ. ಹಾಗಂತ ನೂಲು ಬಿಡುತ್ತದಾ? ಬಾವಿಕಟ್ಟೆಯ ಕಲ್ಲನ್ನೇ ಹಗ್ಗ ಕೊರೆಯುತ್ತದೆ. ಮೊಳೆ ಕಚ್ಚಿ ಹಿಡಿಯುವ ಬಡಗಿಗಳಲ್ಲಿ, ವೈರಿನ ಸಿಪ್ಪೆ ಹಲ್ಲಲ್ಲಿ ಸುಲಿಯುವ ಎಲೆಕ್ಟ್ರಿಷಿಯನ್‌ಗಳಲ್ಲಿ, ಹೇರ್‌ಪಿನ್ ಹಲ್ಲಲ್ಲಿ ಬಿಡಿಸುವವರಲ್ಲಿ ಎಲ್ಲರಲ್ಲೂ ಇಂಥ ಕಚ್ಚು ಸಿಗುತ್ತದೆ. ಯಾರೆಂದು ಗೊತ್ತಾಗದ ಹೆಣ ಗುರುತಿಸುವಾಗ ಕೂಡ ಇದು ಕಸುಬಿನ ಸುಳಿವು ಕೊಡಬಲ್ಲದು, ಸುಮ್ನೆ ಹೇಳಿದೆ.

ತಣ್ಣೀರಿಗೆ ಜುಮ್ ಅನ್ನದಿದ್ದರೆ ತುಂಬಿಸಲೇಬೇಕು ಅಂತಿಲ್ಲ. ಚೆಂದಕ್ಕೆ ಬೇಕಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಾಕಬಹುದು. ಆದರೆ ನೂಲು ಕಡಿಯುವುದು ನಿಲ್ಲದಿದ್ದರೆ ಅದು ಎದ್ದು ಬರುತ್ತದೆ. ಸಣ್ಣ ಕತ್ತರಿಗೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ.

ಪ್ರಶ್ನೆ: ವಯಸ್ಸು 23. ಮೇಲೆ ಬಲಗಡೆಯ ಎರಡನೇ ಹಲ್ಲು ಚಿಕ್ಕದು, ಮೊಳೆಯ ಹಾಗೆ ಚೂಪು. ಅಣ್ಣನಿಗೆ ಆ ಜಾಗದಲ್ಲಿ ಹಲ್ಲೇ ಬಂದಿಲ್ಲ. ಒಂದು ಕ್ಲಿನಿಕ್ಕಿನಲ್ಲಿ ಕಂಪ್ಯೂಟರಿನಲ್ಲಿ ನನ್ನ ನಗು ಅಳೆದು, "ಗೋಲ್ಡನ್ ರೇಶಿಯೋ ಇಲ್ಲ, ಆರು ಹಲ್ಲಿಗೂ ವೆನೀರ್ ಹಾಕಬೇಕು" ಅಂದರು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ.
– ಸರಸ್ವತಿಪುರಂ, ಮೈಸೂರು

ಉತ್ತರ: ಒಂದು ಹಲ್ಲು ಚಿಕ್ಕದು ಅಂತ ಆರು ಹಲ್ಲು ಕೆರೆದು ವೆನೀರ್ ಅನ್ನುವ ತೆಳು ಹೊದಿಕೆ ಅಂಟಿಸುವುದಾ? ಒಂದು ಹೆಂಚು ಒಡೆದರೆ ಮಾಡು ಇಳಿಸುತ್ತಾರಾ?

ಮೇಲಿನ ಪಕ್ಕದ ಬಾಚಿಹಲ್ಲು ಬಾಯಲ್ಲಿ ಬಹಳ ಚಂಚಲ. ಬುದ್ಧಿಹಲ್ಲು ಬಿಟ್ಟರೆ ಆಕಾರದಲ್ಲಿ ಇಷ್ಟು ವ್ಯತ್ಯಾಸ ತೋರಿಸುವುದು ಇದೊಂದೇ ಅನ್ನಬಹುದು. ಕೆಲವರಿಗೆ ಮೊಳೆಯ ಹಾಗೆ, ಕೆಲವರಿಗೆ ಬರುವುದೇ ಇಲ್ಲ. ಎರಡೂ ಒಂದೇ ಮನೆಯಲ್ಲಿ ಕಾಣುವುದು ಸಾಮಾನ್ಯ, ನಿಮ್ಮ ಅಣ್ಣನ ಕತೆ ಅದಕ್ಕೆ ಸಾಕ್ಷಿ. ಇದು ರೋಗವಲ್ಲ, ನಿಮ್ಮ ಮನೆತನದ ಸಹಿ.

ಈಗ ಆ ಬಂಗಾರದ ಲೆಕ್ಕ. ದೊಡ್ಡದು ಚಿಕ್ಕದರ 1.618 ಪಟ್ಟು ಇರಬೇಕು ಅನ್ನುವ ಅನುಪಾತ. ಎದುರಿನಿಂದ ನೋಡಿದಾಗ ಪಕ್ಕದ ಹಲ್ಲು ಮಧ್ಯದ ಹಲ್ಲಿನ ಶೇಕಡ 62ರಷ್ಟು ಅಗಲ ಕಾಣಬೇಕು, ಕೋರೆಹಲ್ಲು ಅದರ ಶೇಕಡ 62 ಕಾಣಬೇಕು ಅಂತ 1970ರ ದಶಕದಲ್ಲಿ ದಂತವೈದ್ಯರು ಬರೆಯತೊಡಗಿದರು. ಆಮೇಲೆ ಒಳ್ಳೆಯ ಹಲ್ಲಿರುವವರ ಬಾಯಿಯನ್ನು ನಿಜಕ್ಕೂ ಅಳೆದು ನೋಡಿದಾಗ ಆ ಲೆಕ್ಕಕ್ಕೆ ಕೂತವರು ಕಡಿಮೆ. ಹಲ್ಲನ್ನೇ ಅಳೆದರೆ ಲೆಕ್ಕ ಬೇರೆ. ಮಧ್ಯದ್ದು 8.5, ಪಕ್ಕದ್ದು 6.5, ಅಂದರೆ ಮುಕ್ಕಾಲು ಪಾಲು. ಕೋರೆಹಲ್ಲು ಮತ್ತೆ ಅಗಲ, 7.5. ಬಾಯಿ ಕಮಾನಿನಂತೆ ಹಿಂದಕ್ಕೆ ತಿರುಗುವುದರಿಂದ ಎದುರಿನಿಂದ ಅರ್ಧ ಮಾತ್ರ ಕಾಣುತ್ತದೆ, ಅಷ್ಟೆ. ಮೊಗ್ಗು ಅಳೆದು ಯಾರೂ ಮೈಸೂರು ಮಲ್ಲಿಗೆ ಕೊಳ್ಳುವುದಿಲ್ಲ.

ನಾನಾಗಿದ್ದರೆ ಆ ಒಂದು ಚೂಪು ಹಲ್ಲಿಗೆ ಮಾತ್ರ ಕಾಂಪೋಸಿಟ್ ಕಟ್ಟಿ ಎಡಗಡೆಯ ಎರಡನೇ ಹಲ್ಲಿಗೆ ಜೋಡಿ ಮಾಡುತ್ತಿದ್ದೆ. ಹಲ್ಲು ಮೊದಲೇ ಚಿಕ್ಕದಾಗಿರುವುದರಿಂದ ಕೆರೆಯುವ ಕೆಲಸ ಇಲ್ಲವೇ ಇಲ್ಲ ಅನ್ನಬಹುದು. ಒಂದೇ ದಿನದ ಕೆಲಸ. ಬೇಡ ಅನ್ನಿಸಿದರೆ ತೆಗೆದರೂ ಕೆಳಗೆ ನಿಮ್ಮ ಹಲ್ಲು ಹಾಗೇ ಇರುತ್ತದೆ. ವೆನೀರಿಗೆ ಸಾಮಾನ್ಯವಾಗಿ ಎನಾಮಲ್ ಸ್ವಲ್ಪ ಕೆರೆಯುತ್ತಾರೆ, ಕೆರೆದದ್ದು ವಾಪಸ್ ಇಲ್ಲ. ಐದು ಒಳ್ಳೆಯ ಹಲ್ಲು ಯಾಕೆ ಕೊಡುತ್ತೀರಿ? ಬರುವ ಗಂಡಿನ ಹಲ್ಲನ್ನು ಯಾರಾದರೂ ಕಂಪ್ಯೂಟರಿನಲ್ಲಿ ಅಳೆದರಾ ಅಂತ ಮನೆಯಲ್ಲಿ ಕೇಳಿ ನೋಡಿ.

ಪ್ರಶ್ನೆ: ಅಪ್ಪನಿಗೆ 74. ಮೇಲೂ ಕೆಳಗೂ ಪೂರ್ತಿ ಕಟ್ಟುಹಲ್ಲು ಮಾಡಿಸಬೇಕು. ಮುಖ ದುಂಡಗಿದ್ದರೆ ದುಂಡು ಹಲ್ಲು, ಚೌಕವಿದ್ದರೆ ಚೌಕ ಹಲ್ಲು ಹಾಕುತ್ತಾರಂತೆ. ನಿಜವಾ? ಅಪ್ಪ "ಬಿಳೀದು ಹಾಕ್ಸು, ಸಿನಿಮಾದವರ ಥರ" ಅಂತಾರೆ.
– ಮಂಡ್ಯ

ಉತ್ತರ: ಆ ನಿಯಮಕ್ಕೆ ನೂರು ವರ್ಷ ದಾಟಿದೆ. 1914ರಲ್ಲಿ ಲಿಯಾನ್ ವಿಲಿಯಮ್ಸ್ ಎಂಬ ದಂತವೈದ್ಯರು ಹಲ್ಲುಗಳನ್ನು ಚೌಕ, ಕೆಳಗೆ ಸಣ್ಣದಾಗುವ ಆಕಾರ, ಮೊಟ್ಟೆಯಾಕಾರ ಅಂತ ಮೂರು ಜಾತಿ ಮಾಡಿದರು. ಮೇಲಿನ ಮಧ್ಯದ ಹಲ್ಲನ್ನು ತಲೆಕೆಳಗು ಮಾಡಿದರೆ ಮುಖದ ಆಕಾರವೇ ಬರುತ್ತದೆ ಅನ್ನುವುದು ಅವರ ವಾದ. ಕೃತಕ ಹಲ್ಲು ಮಾಡುವ ಕಂಪನಿಗಳಿಗೆ ಇದು ಬಲು ಅನುಕೂಲವಾಯಿತು. ಮೂರು ಅಚ್ಚು ಇಟ್ಟುಕೊಂಡರೆ ಸಾಕಲ್ಲ. ಆಮೇಲೆ ಅಳತೆ ಮಾಡಿದವರಿಗೆ ಮುಖಕ್ಕೂ ಹಲ್ಲಿಗೂ ಅಂಥ ಗಟ್ಟಿ ಸಂಬಂಧ ಸಿಗಲಿಲ್ಲ.

ಅದಕ್ಕಿಂತ ಒಳ್ಳೆಯ ದಾರಿ ನಿಮ್ಮ ಮನೆಯ ಗೋಡೆಯ ಮೇಲೇ ಇರಬಹುದು. ಅಪ್ಪ ನಗುತ್ತಿರುವ ಹಳೇ ಫೋಟೊ ಹುಡುಕಿ. ಮದುವೆ ಫೋಟೊದಲ್ಲಿ ಯಾರೂ ನಗುತ್ತಿರಲಿಲ್ಲ, ಜಾತ್ರೆಯ ಫೋಟೊ ನೋಡಿ. ಅದನ್ನು ಡಾಕ್ಟರಿಗೆ ಕೊಡಿ. ಬಣ್ಣ ತೀರಾ ಬಿಳಿ ಬೇಡ. 74ರ ಬಾಯಲ್ಲಿ ತುದಿ ಸ್ವಲ್ಪ ಸವೆದ, ಕೆನೆ ಬಣ್ಣದ ಹಲ್ಲು ಕೂತರೆ ಕಟ್ಟುಹಲ್ಲು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸಾಲಿನಲ್ಲಿ ಒಂದು ಹಲ್ಲು ಕೂದಲೆಳೆಯಷ್ಟು ಓರೆ ಇದ್ದರೆ ಇನ್ನೂ ಒಳ್ಳೆಯದು.

ಆಕಾರಕ್ಕಿಂತ ಮುಖ್ಯ ಜಾಗ. ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವ ದಿನ ನೀವೂ ಜೊತೆಗೆ ಹೋಗಿ. ಅಪ್ಪನಿಂದ "ಕಾಫಿ ಫಿಲ್ಟರ್" ಅನ್ನಿಸಿ. ಫ ಅನ್ನುವಾಗ ಮೇಲಿನ ಹಲ್ಲಿನ ಅಲಗು ಕೆಳತುಟಿಯ ಒದ್ದೆ ಮತ್ತು ಒಣ ಭಾಗ ಸೇರುವ ಗೆರೆಗೆ ಮೆತ್ತಗೆ ತಾಗಬೇಕು. ಹಲ್ಲು ಉದ್ದವಾದರೆ ತುಟಿಗೆ ಕುಕ್ಕುತ್ತದೆ, ಗಿಡ್ಡವಾದರೆ ಫ ಗಾಳಿಯಲ್ಲಿ ಹೋಗುತ್ತದೆ. ಆಮೇಲೆ "ಸೊಸೆ ಸಾಸಿವೆ ಸೋಸಿದಳು" ಅನ್ನಿಸಿ, ಸಿಳ್ಳೆ ಬರಬಾರದು. ತ, ಥ, ದ, ಧ, ನ ಹೇಳಿಸಿ. ವ್ಯಾಕರಣದಲ್ಲಿ ಇವನ್ನು ದಂತ್ಯ ಅಂತ ಕರೆದದ್ದು ಸುಮ್ನೆ ಅಲ್ಲ, ನಾಲಿಗೆ ಮೇಲಿನ ಬಾಚಿಹಲ್ಲಿನ ಹಿಂದೆ ಹೋಗಿ ತಾಗಿದರೇ ಅವು ಹುಟ್ಟುವುದು. ಬೊಚ್ಚುಬಾಯಿಯ ಅಜ್ಜ "ತಾತ" ಅಂದಾಗ ಅದು ಯಾಕೆ ಮೆತ್ತಗೆ ಕೇಳುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಪ್ರಶ್ನೆ: ಕೆಳಗಿನ ಮುಂದಿನ ಹಲ್ಲಿನ ಹಿಂದೆ ಕಲ್ಲಿನಂಥದ್ದು ಕಟ್ಟಿದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದಂತೆ, ಸಂದು ಬೀಳುತ್ತದಂತೆ?
– ನಂಜನಗೂಡು

ಉತ್ತರ: ನಾಲಿಗೆ ಎತ್ತಿ ಕನ್ನಡಿ ನೋಡಿ. ನಾಲಿಗೆಯ ಕೆಳಗೆ ಮಧ್ಯದಲ್ಲಿ ಎರಡು ಸಣ್ಣ ಗುಬುಟು ಕಾಣುತ್ತವೆ, ಎಂಜಲಿನ ನಲ್ಲಿಗಳು. ಎಂಜಲಿನಲ್ಲಿ ಕ್ಯಾಲ್ಸಿಯಂ ಇದೆ, ನಲ್ಲಿಯ ಎದುರಿಗೇ ಈ ಹಲ್ಲುಗಳು. ಬೋರ್‌ವೆಲ್ ನೀರು ಬಕೆಟ್ಟಿಗೆ ಕಟ್ಟುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ ಕತೆ. ಉಜ್ಜದೆ ಬಿಟ್ಟ ಕೊಳೆ ಅಲ್ಲಿ ಗಟ್ಟಿಯಾಗಿ ಕಲ್ಲಾಗುತ್ತದೆ. ನಿಮ್ಮೂರಿನವರಿಗೆ ಬೇರೆ ಹೇಳಬೇಕಾ, ನಂಜನಗೂಡು ಹಲ್ಲುಪುಡಿಯನ್ನು ಬೆರಳಿಗೆ ಹಾಕಿಕೊಂಡು ಉಜ್ಜಿ ಬೆಳೆದ ತಲೆಮಾರು ನಾವೆಲ್ಲ. ಪುಡಿಯ ತಪ್ಪಲ್ಲ, ಬೆರಳು ಆ ಹಿಂಭಾಗಕ್ಕೆ ಇಳಿಯುವುದಿಲ್ಲ. ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ, ತುದಿಯಿಂದ ಒಳಗಡೆ ಉಜ್ಜಬೇಕು.

ಕ್ಲೀನ್ ಮಾಡಿಸಿದರೆ ಸಂದು ಬೀಳುವುದಿಲ್ಲ. ಸಂದು ಮೊದಲೇ ಬಿದ್ದಿತ್ತು, ಕಲ್ಲು ಅದನ್ನು ತುಂಬಿ ಮುಚ್ಚಿತ್ತು. ಹಲ್ಲು ಅಲ್ಲಾಡುವುದು ಕಲ್ಲು ಹೋದದ್ದರಿಂದ ಅಲ್ಲ, ಕಲ್ಲಿದ್ದಷ್ಟು ವರ್ಷ ಒಸಡು ಬಾತುಕೊಂಡು ಒಳಗೆ ಮೂಳೆ ಕರಗಿದ್ದರಿಂದ. ಮಾಡಿಸಿ.

ಪ್ರಶ್ನೆ: ನಮ್ಮ ಹುಡುಗನಿಗೆ ಹತ್ತು ವರ್ಷ. ಕ್ರಿಕೆಟ್ ಆಡುವಾಗ ಬ್ಯಾಟು ಬಡಿದು ಮೇಲಿನ ಮುಂದಿನ ಹಲ್ಲು ಬೇರು ಸಮೇತ ಬಿತ್ತು. ಅಜ್ಜಿ ಅದನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದರು, ಬೇಗ ಹೊಸದು ಬರಲಿ ಅಂತ. ಆರು ತಿಂಗಳಾಯಿತು, ಬಂದಿಲ್ಲ.
– ಪಾಂಡವಪುರ

ಉತ್ತರ: ಓದಿ ಹೊಟ್ಟೆ ಚುರುಕ್ ಅಂದಿತು. ಅಜ್ಜಿಯನ್ನು ಬೈಯಬೇಡಿ, ಹಾಲುಹಲ್ಲಿಗೆ ನಾವೆಲ್ಲ ಮಾಡಿದ್ದೂ ಅದೇ. ಆದರೆ ಮೇಲಿನ ಮಧ್ಯದ ಶಾಶ್ವತ ಹಲ್ಲು ಏಳೆಂಟು ವರ್ಷಕ್ಕೇ ಬಂದಿರುತ್ತದೆ. ಹತ್ತಕ್ಕೆ ಬಿದ್ದದ್ದು ಅದೇ. ಅದರ ಹಿಂದೆ ಇನ್ನೊಂದು ಕಾಯುತ್ತಿಲ್ಲ. ಸದ್ಯಕ್ಕೆ ಮಕ್ಕಳ ದಂತವೈದ್ಯರಿಗೆ ತೋರಿಸಿ. ಹಾಕಿ ತೆಗೆಯುವ ಒಂದು ಹಲ್ಲು ಮಾಡಿಕೊಡುತ್ತಾರೆ, ಇಲ್ಲದಿದ್ದರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತವೆ. ಮೂಳೆಗೇ ತಿರುಪು ಕೂರಿಸಿ ಹಲ್ಲು ಹಾಕುವ ಇಂಪ್ಲಾಂಟ್ ಅಂತ ಯಾರಾದರೂ ಈಗಲೇ ಹೇಳಿದರೆ ಬೇಡ ಅನ್ನಿ, ದವಡೆಯ ಬೆಳವಣಿಗೆ ಮುಗಿಯಬೇಕು.

ಉಳಿದವರು ಇದನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಿ. ಶಾಶ್ವತ ಹಲ್ಲು ಬೇರು ಸಮೇತ ಬಿದ್ದರೆ ಹಲ್ಲಿನ ತಲೆಯ ಕಡೆ, ಅಂದರೆ ಬಾಯಲ್ಲಿ ಕಾಣುವ ಭಾಗ ಹಿಡಿದೆತ್ತಿ, ಬೇರು ಮುಟ್ಟಬೇಡಿ. ಬೇರಿನ ಮೈಮೇಲೆ ಅದನ್ನು ಮೂಳೆಗೆ ಕಟ್ಟುವ ನಾರಿನ ಜೀವಕೋಶಗಳಿವೆ, ಅವು ಬದುಕಿದ್ದರೇ ಹಲ್ಲು ಮತ್ತೆ ಹಿಡಿಯುತ್ತದೆ. ಮಣ್ಣಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಒಂದೇ ಸಲ ಅದ್ದಿ ತೊಳೆಯಿರಿ, ಉಜ್ಜಬೇಡಿ. ಗುಂಡಿಗೆ ಸರಿಯಾಗಿ ವಾಪಸ್ ಕೂರಿಸಿ ಬಟ್ಟೆ ಕಚ್ಚಿಸಿ ದಂತವೈದ್ಯರ ಹತ್ತಿರ ಓಡಿ. ಕೂರಿಸಲು ಧೈರ್ಯ ಬಾರದಿದ್ದರೆ ಒಂದು ಲೋಟ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಓಡಿ. ಬರೀ ನೀರಿನಲ್ಲಿ ಇಡಬೇಡಿ, ಜೀವಕೋಶ ಒಡೆಯುತ್ತವೆ. ಪೇಪರಿನಲ್ಲಿ ಸುತ್ತಿದರೆ ಒಣಗಿ ಸಾಯುತ್ತವೆ. ಅರ್ಧ ಗಂಟೆಯೊಳಗೆ ಆದರೆ ಆಸೆ ಜಾಸ್ತಿ, ಒಂದು ಗಂಟೆ ಒಣಗಿದರೆ ತುಂಬಾ ಕಡಿಮೆ. ಮಂಡ್ಯ ಜಿಲ್ಲೆಯಲ್ಲಿ ಹಾಲಿಗೆ ಬರವಿಲ್ಲ, ಬೀದಿಗೊಂದು ಡೇರಿ ಇದೆ. ಹಾಲುಹಲ್ಲು ಬಿದ್ದರೆ ಮಾತ್ರ ವಾಪಸ್ ಕೂರಿಸಬೇಡಿ, ಮೇಲಿರುವ ಮೊಗ್ಗಿಗೆ ಪೆಟ್ಟಾಗುತ್ತದೆ. ಅದನ್ನು ಬೇಕಾದರೆ ಹೆಂಚಿನ ಮೇಲೆ ಎಸೆಯಿರಿ.

ಪ್ರಶ್ನೆ: ಕಬ್ಬನ್ನು ಹಲ್ಲಲ್ಲಿ ಸಿಗಿದು ತಿನ್ನಬಹುದಾ ಇಲ್ವಾ? ಒಂದೇ ಮಾತಲ್ಲಿ ಹೇಳಿ.
– ಮಳವಳ್ಳಿ

ಉತ್ತರ: ಒಂದೇ ಮಾತಲ್ಲಿ ಆಗುವುದಿಲ್ಲ. ಮಂಡ್ಯ ಜಿಲ್ಲೆಯವರಿಗೆ ಕಬ್ಬು ಕಚ್ಚಬೇಡಿ ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಯಾವ ಹಲ್ಲಿಗೆ ಕೊಡುತ್ತೀರಿ ಅನ್ನುವುದು ಮುಖ್ಯ. ಕಬ್ಬಿನ ಗದ್ದೆಯಲ್ಲಿ ಬೆಳೆದವರನ್ನು ನೋಡಿ, ಜಲ್ಲೆಯನ್ನು ಬಾಯಿಯ ಪಕ್ಕಕ್ಕೆ ತಿರುಗಿಸಿ ಕೋರೆಹಲ್ಲಿಗೆ ಕೊಡುತ್ತಾರೆ, ಯಾರೂ ಹೇಳಿಕೊಟ್ಟದ್ದಲ್ಲ. ಮೇಲಿನ ಕೋರೆಹಲ್ಲಿನ ಬೇರು ಸುಮಾರು 17 ಮಿಲಿಮೀಟರ್, ಬಾಯಲ್ಲೇ ಉದ್ದದ ಬೇರು. ಬಾಚಿಹಲ್ಲಿನ ಅಲಗು ನೇರ ಕಚ್ಚುವುದಕ್ಕೆ ಮಾಡಿದ್ದು. ಸಿಪ್ಪೆ ಹಿಡಿದು ಪಕ್ಕಕ್ಕೆ ತಿರುಚಿ ಎಳೆದರೆ ಮೂಲೆ ಹಾರುತ್ತದೆ.

ನನ್ನದು ಹಾರಿದ್ದು ಹಾಗೇ. ಹನ್ನೊಂದು ವರ್ಷ, ಅತ್ತೆಯ ಊರಿನ ಸಂಕ್ರಾಂತಿ, ತಂಗಿಯ ಮುಂದೆ ಜಂಬ ತೋರಿಸಲು ಗಿಣ್ಣಿನ ಮೇಲೇ ಕಚ್ಚಿದೆ. ಟಕ್ ಅಂತು. ಉಗಿದ ಸಿಪ್ಪೆಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಚೂರು, ಮೇಲಿನ ಬಲ ಹಲ್ಲಿನ ಮೂಲೆ. ಕುವೆಂಪುನಗರದವರ ಚೀಟಿಯ ಲೆಕ್ಕದಲ್ಲಿ 11. ಸರಿ ಮಾಡಿಸಿಲ್ಲ, ಬಂದ ಮಕ್ಕಳಿಗೆಲ್ಲ ತೋರಿಸುತ್ತೇನೆ. ಗಿಣ್ಣು ಮಾತ್ರ ಕುಡುಗೋಲಲ್ಲಿ ಕತ್ತರಿಸಿ ಬಿಸಾಕಿ. ಕಟ್ಟುಹಲ್ಲು, ಕ್ಯಾಪು, ಕಾಂಪೋಸಿಟ್ ಇರುವವರು ತುಂಡು ಮಾಡಿ ಹಿಂದಿನ ಹಲ್ಲಲ್ಲಿ ಅಗಿಯಿರಿ, ಅಥವಾ ಹೆದ್ದಾರಿ ಪಕ್ಕ ಗಾಣ ತಿರುಗುತ್ತಲೇ ಇರುತ್ತದೆ, ಒಂದು ಲೋಟ ಹಾಲು ಕುಡಿಯಿರಿ. ಕಬ್ಬಿನ ಹಾಲು. ಮೇಲಿನ ಪ್ರಶ್ನೆಯ ಹಾಲಲ್ಲ, ಹಲ್ಲು ಬಿದ್ದಾಗ ಇದರಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ನಿಲ್ಲಬೇಡಿ.